ಬಿಡುವಿನ ವೇಳೆಗೆ ತೊಗಲ ಕೆಲಸ

ನಿಮ್ಮ ಮನೆಯ ರೇಡಿಯೋ ಎಂಥದೆಂದು ನಾನರಿಯೆ. ನಮ್ಮ ಮನೆಯದು ನನ್ನ ತಂದೆಯವರು ಬಿಟ್ಟುಹೋದ ಒಂದು ಟ್ರಾನ್ಸಿಸ್ಟರು. ಅದಕ್ಕೊಂದು ಕಂದುಬಣ್ಣದ ತೊಗಲ ಹೊದಿಕೆಯುಂಟು. ಧ್ವನಿ ಹೊರಗೆ ಬರಲೆಂದು ಮುಂಭಾಗದಲ್ಲಿ ಸಾಲುಸಾಲಾಗಿ ಕೊರೆದ ಸಣ್ಣ ತೂತುಗಳು, ಹಿಂಭಾಗದಲ್ಲಿ ಎರಡು ಟಿಚ್ ಬಟನು, ಹೆಗಲಿಗೆ ತೂಗುಹಾಕಿಕೊಳ್ಳಲು ಒಂದು ಬಾರು. ತಂದೆಯವರು ಸಂತೆಗೆ ಹೋಗುವಾಗಲೂ ಅದು ಅವರ ಹೆಗಲ ಮೇಲಿರುತ್ತಿತ್ತು. ಪೆಟ್ಟಿಗೆಯೊಳಗಿನ ದನಿಯನ್ನು ಬಾಲ್ಯದಿಂದಲೂ ಕೇಳುತ್ತ ಬಂದ ನಾನು ಅದರ ಮೈಮೇಲಿನ ಹೊದಿಕೆಯ ಕಡೆಗೆ ಗಮನ ಕೊಟ್ಟದ್ದು ಐವತ್ತು ವಯಸ್ಸು ದಾಟಿದ ಮೇಲೆ. ಅದರಿಂದ ನನಗೆ ಒಂದು ಹವ್ಯಾಸ ದೊರೆಯಿತು. ಅದರ ಜೊತೆಗೆ ಒಂದು ಪಾಠವೂ ದೊರೆಯಿತು. ಎರಡನ್ನೂ ನಿಮ್ಮ ಮುಂದಿಡಬೇಕೆಂದು ಆಸೆ.

ಕೆಲವು ವರ್ಷಗಳ ಹಿಂದೆ ಆ ಬಾರು ಕಿತ್ತುಬಂತು. ನಮ್ಮೂರ ಬಸ್ ನಿಲ್ದಾಣದ ಪಕ್ಕದಲ್ಲಿ, ಹೊಂಗೆಯ ಮರದಡಿಯಲ್ಲಿ, ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಕೂರುತ್ತಾರೆ. ಅವರಲ್ಲಿಗೆ ತೆಗೆದುಕೊಂಡು ಹೋಗಿ, "ಇದಕ್ಕೊಂದು ಹೊಲಿಗೆ ಹಾಕಿಕೊಡಪ್ಪಾ, ಎಷ್ಟು ತಗೋತೀಯ?" ಎಂದೆ. ಅವರು ಬೆಲೆ ಹೇಳಲಿಲ್ಲ. ಹೊದಿಕೆಯನ್ನು ಎರಡು ಕೈಯಿಂದ ಹಿಡಿದು ಹೆಬ್ಬೆರಳಿನಿಂದ ಸವರಿದರು, ಅಂಚನ್ನು ಬೆಳಕಿಗೆ ತಿರುಗಿಸಿ ನೋಡಿದರು, ಮೂಗಿನ ಬಳಿಗೆ ತಂದು ಮೂಸಿದರು. ಆಮೇಲೆ, "ಮೇಷ್ಟ್ರೇ, ಇದು ತೊಗಟೆ ಹದದ ತೊಗಲು. ಈಗ ಇಂಥಾದ್ದು ನಮ್ಮ ಕೈಗೆ ಬರೋದು ಕಡಿಮೆ. ದಾರಕ್ಕೆ ವಯಸ್ಸಾಗಿದೆ ಅಷ್ಟೇ, ತೊಗಲಿಗೆ ಏನೂ ಆಗಿಲ್ಲ" ಎಂದರು.

ಹದವೆಂಬ ಮಾತನ್ನು ನಾನು ಸಾವಿರ ಸಲ ಆಡಿದವನು. ಮಣ್ಣಿನ ಹದ, ಪಾಕದ ಹದ, ಕಾವ್ಯದ ಹದ ಎಂದು ತರಗತಿಯಲ್ಲಿ ಗಂಟೆಗಟ್ಟಲೆ ಹೇಳಬಲ್ಲೆ. ಆದರೆ ತೊಗಟೆಯ ಹದವೆಂದರೇನೆಂದು ನನಗೆ ತಿಳಿದಿರಲಿಲ್ಲ. ಕೇಳಿದೆ. ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಹೇಳುತ್ತೇನೆ.

ಹಸಿಯ ತೊಗಲನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಮರದ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಅದನ್ನು ಕೊಳೆಯದಂತೆ, ಸೆಟೆಯದಂತೆ ಮಾಡುವುದೇ ಹದ. ಅಳಲೆಕಾಯಿಯನ್ನು ಕಚ್ಚಿದಾಗ ನಾಲಿಗೆಯನ್ನು ಯಾರೋ ಹಿಡಿದೆಳೆದಂತಾಗುವುದಲ್ಲವೆ? ಆ ಒಗರೇ ಈ ವಿದ್ಯೆಯ ಮೂಲ. ಒಗರಿನಲ್ಲಿರುವ ಪದಾರ್ಥ ನಮ್ಮ ಬಾಯಿಯ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಅದರಿಂದಲೇ ನಾಲಿಗೆ ಒರಟಾದಂತೆ ತೋರುತ್ತದೆ. ತೊಗಲಿನ ಎಳೆಗಳೂ ಪ್ರೋಟೀನೇ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿ ಇವುಗಳ ರಸದಲ್ಲಿ ವಾರಗಟ್ಟಲೆ ಇಟ್ಟರೆ, ಒಗರು ಒಳಕ್ಕಿಳಿದು ಎಳೆ ಎಳೆಯನ್ನೂ ಬಿಗಿದು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಅದು ಕೊಳೆಯುವ ತೊಗಲಲ್ಲ. ಈಗಿನ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕ್ರೋಮಿಯಂ ಲವಣದ ಹದ. ಅದು ಬೇಗ ಮುಗಿಯುತ್ತದೆ. ತೊಗಲು ಬಹಳ ಮೆದುವಾಗಿ ಬರುತ್ತದೆ. ಆದರೆ ತೊಗಟೆ ಹದದ ತೊಗಲಿಗೆ ಒಂದು ವಿಶೇಷ ಗುಣವುಂಟು. ಅದನ್ನು ಸ್ವಲ್ಪ ತೇವಮಾಡಿ ಮೇಲೆ ಒಂದು ಅಚ್ಚನ್ನು ಒತ್ತಿದರೆ, ಒಣಗಿದ ಮೇಲೂ ಆ ಗುರುತು ಹಾಗೆಯೇ ನಿಲ್ಲುತ್ತದೆ. ಕ್ರೋಮಿನ ತೊಗಲಿನ ಮೇಲೆ ಅದು ಹಾಗೆ ನಿಲ್ಲುವುದಿಲ್ಲ. ಹೂಬಳ್ಳಿಯ ಚಿತ್ತಾರ ಬಿಡಿಸಬೇಕೆನ್ನುವ ಹವ್ಯಾಸಿಗೆ ತೊಗಟೆ ಹದವೇ ಬೇಕಾದದ್ದು ಇದರಿಂದ.

ಆ ವರ್ಷದ ಬೇಸಗೆಯ ರಜೆಯಲ್ಲಿ ನಾನು ದಿನವೂ ಸಂಜೆ ಹೊಂಗೆಯ ಮರದಡಿಗೆ ಹೋಗತೊಡಗಿದೆ. ಮೊದಲ ದಿನ ಅವರು ನಕ್ಕು, "ನಿಮಗ್ಯಾಕೆ ಮೇಷ್ಟ್ರೇ ಇದು?" ಎಂದರು. ಎರಡನೆಯ ದಿನ ಒಂದು ಹಳೆಯ ಡಬ್ಬಿಯನ್ನು ಕವುಚಿಹಾಕಿ ಕೂರಲು ಕೊಟ್ಟರು. ಮೂರನೆಯ ದಿನ ಕೈಗೆ ಉಳಿಯನ್ನು ಕೊಟ್ಟರು.

ಅವರ ಉಳಿಯ ತುದಿಯಲ್ಲೊಂದು ಸಣ್ಣ ಕೊಕ್ಕೆಯುಂಟು. ಅದನ್ನು ಮೇಲಿನಿಂದ ಚುಚ್ಚಿ, ಅಟ್ಟೆಯ ಕೆಳಗಿರುವ ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಮೇಲಕ್ಕೆ ಕುಣಿಕೆಯಾಗಿ ಎಳೆದು, ದಾರದ ಇನ್ನೊಂದು ತುದಿಯನ್ನು ಆ ಕುಣಿಕೆಯಲ್ಲಿ ತೂರಿಸಿ ಎರಡು ಕಡೆಗೂ ಜಗ್ಗುತ್ತಾರೆ. ನಾವು ಅವಸರದಲ್ಲಿ ನಿಂತು ಚಿಲ್ಲರೆ ಎಣಿಸುತ್ತಿರುವಾಗ ಅವರು ಇದನ್ನು ಇಪ್ಪತ್ತು ಸಲ ಮಾಡಿ ಮುಗಿಸಿರುತ್ತಾರೆ. ನಾನು ಮೊದಲ ಹೊಲಿಗೆ ಹಾಕುವಷ್ಟರಲ್ಲಿ ದಾರವನ್ನು ಮೂರು ಸಲ ಹರಿದು, ಒಂದು ಸಲ ಹೆಬ್ಬೆರಳಿಗೆ ಚುಚ್ಚಿಕೊಂಡೆ. ತೆಳುವಾದ ತೊಗಲಿಗೆ ಇನ್ನೊಂದು ವಿಧಾನವಿದೆ. ಒಂದೇ ದಾರದ ಎರಡು ತುದಿಗೂ ಒಂದೊಂದು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಒಂದು ಸೂಜಿಯನ್ನು ಎಡದಿಂದ, ಇನ್ನೊಂದನ್ನು ಬಲದಿಂದ ದಾಟಿಸುವುದು. ಕುದುರೆಯ ಜೀನು ಹೊಲಿಯುವವರ ಹೊಲಿಗೆ ಇದು. ಇದರಲ್ಲಿ ಒಂದು ಕಡೆ ದಾರ ತುಂಡಾದರೂ ಉಳಿದ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ.

ನಾನು ಕನ್ನಡ ಪಂಡಿತನಾಗಿ ತಯಾರಾದವನು. ಮಾದಾರ ಚೆನ್ನಯ್ಯನ ವಚನಗಳನ್ನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಆ ಶರಣನ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗುಂಟ ಎಂಬ ಮೂರು ಉಪಕರಣಗಳು ಬರುತ್ತವೆ. ಬೇರೆ ವಚನಕಾರರು ತಮ್ಮ ಇಷ್ಟದೈವದ ಹೆಸರಿಟ್ಟ ಜಾಗದಲ್ಲಿ ಈತ ತನ್ನ ಕಸುಬಿನ ಸಾಧನಗಳನ್ನೂ ಇಟ್ಟಿದ್ದಾನೆ. ನಾನು ಮಕ್ಕಳಿಗೆ, "ಕೈಯುಳಿ ಎಂದರೆ ಸಣ್ಣ ಉಳಿ, ಅಡಿಗುಂಟ ಎಂದರೆ ಅಡಿಯಲ್ಲಿಟ್ಟುಕೊಳ್ಳುವ ಕೊರಡು" ಎಂದು ಅರ್ಥ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಆ ಸಂಜೆ ಉಳಿ ನನ್ನ ಮುಷ್ಟಿಯಲ್ಲಿ, ಕತ್ತಿ ಪಕ್ಕದಲ್ಲಿ, ಕೊರಡು ಕಾಲ ಬಳಿಯಲ್ಲಿದ್ದುವು. ಇಷ್ಟು ವರ್ಷ ನಾನು ಹೇಳಿದ್ದು ಪದದ ಅರ್ಥ. ವಸ್ತುವನ್ನು ಮುಟ್ಟಿದ್ದು ಅಂದೇ.

ಅಷ್ಟರಲ್ಲಿ ಇನ್ನೊಂದು ವಿಚಾರ ನನ್ನನ್ನು ಚುಚ್ಚಿತು. ನನಗಿಂತ ಹತ್ತು ಹದಿನೈದು ವರ್ಷಕ್ಕೆ ಹಿರಿಯರಾದ ಅವರನ್ನು ನಾನು 'ನೀನು' ಎನ್ನುತ್ತಿದ್ದೆ. ಅವರು ನನ್ನನ್ನು 'ನೀವು' ಎನ್ನುತ್ತಿದ್ದರು. ಗೌರವಾರ್ಥದಲ್ಲಿ ಬಹುವಚನ ಬರುತ್ತದೆಂದು ವ್ಯಾಕರಣದ ಪಾಠ ಮಾಡುವ ನಾನು, ವಿದ್ಯೆ ಕಲಿಸುತ್ತಿರುವವರ ಎದುರಿಗೆ ಕುಳಿತು ಏಕವಚನದಲ್ಲಿ ಪ್ರಶ್ನೆ ಕೇಳುತ್ತಿದ್ದೆ! ಮರುದಿನ, "ಇದನ್ನು ಹೇಗೆ ಹಿಡಿಯಬೇಕು, ಸ್ವಲ್ಪ ತೋರಿಸ್ತೀರಾ?" ಎಂದೆ. ಅವರು ತಲೆಯೆತ್ತಿ ಒಂದು ಕ್ಷಣ ನನ್ನನ್ನು ನೋಡಿದರು. ಏನೂ ಹೇಳದೆ ತೋರಿಸಿದರು. ಆ ಒಂದು ಪ್ರತ್ಯಯ ನನ್ನ ಬಾಯಿಗೆ ಬರಲು ಐವತ್ತು ವರ್ಷ ಹಿಡಿಯಿತು.

ಇಷ್ಟನ್ನು ಕೇಳಿದ ನೀವು, "ತೊಗಲ ಕೆಲಸವೂ ಒಂದು ಹವ್ಯಾಸವೆ?" ಎಂದು ಹುಬ್ಬೇರಿಸಬಹುದು. ಅಂಚೆಚೀಟಿಯ ಸಂಗ್ರಹ, ಹೂದೋಟ, ಕಸೂತಿ ಇವುಗಳಂತೆ ಇದೂ ಲೋಕದ ಅನೇಕ ದೇಶಗಳಲ್ಲಿ ಮರ್ಯಾದಸ್ಥರ ಹವ್ಯಾಸ. ಅದಕ್ಕಾಗಿ ಸಂಘಗಳಿವೆ. ಆದರೆ ಈ ಸಂಘಗಳಿಗೆ ಒಂದು ಹಳೆಯ ಹಿನ್ನೆಲೆಯುಂಟು.

ಲಂಡನ್ ನಗರದಲ್ಲಿ ಹೊಸ ತೊಗಲಿನಿಂದ ಪಾದರಕ್ಷೆ ಮಾಡುವವರಿಗೆ 'ಕಾರ್ಡ್‌ವೇನರ್' ಎಂದು ಹೆಸರಿತ್ತು. ಸ್ಪೇನ್ ದೇಶದ ಕಾರ್ಡೋಬಾ ನಗರದ ಸೊಗಸಾದ ತೊಗಲಿನಿಂದ ಈ ಶಬ್ದ ಹುಟ್ಟಿತು. ಅವರ ಸಂಘಕ್ಕೆ 1272ರಷ್ಟು ಹಿಂದೆಯೇ ಕಟ್ಟಳೆಗಳು ದೊರೆತುವು. ಹಳೆಯ ಜೋಡು ಸರಿಮಾಡುವವರು ಬೇರೆ. ಅವರು ಹೊಸ ತೊಗಲನ್ನು ಮುಟ್ಟುವ ಹಾಗಿರಲಿಲ್ಲ. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಿದವನಿಗೆ ಹೆಚ್ಚಾಗಿ ಸಂಘದೊಳಗೆ ಪ್ರವೇಶ. ಎಂದರೆ ಆ ಸಂಘಗಳು ವಿದ್ಯೆಯನ್ನು ಕಾಪಾಡಿದುವು, ಜೊತೆಗೆ ಬಾಗಿಲನ್ನೂ ಹಾಕಿಕೊಂಡುವು. ಹವ್ಯಾಸಿಗಳ ಸಂಘ ಬಹಳ ಈಚಿನದು. ಅದು ಬಾಗಿಲು ತೆರೆಯಲು ಹುಟ್ಟಿದ್ದು.

ಅದು ಹರಡಿದ ಬಗೆಯಲ್ಲಿ ರೇಡಿಯೋ ಕೇಳುವ ನಮಗೆ ಸ್ವಾರಸ್ಯವಾದ ಒಂದು ಕಥೆಯಿದೆ. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಫೋರ್ಟ್ ವರ್ತ್ ಎಂಬ ಊರಿನಲ್ಲಿ 1919ರಲ್ಲಿ ಹಿಂಕ್ಲಿ, ಟ್ಯಾಂಡಿ ಎಂಬ ಇಬ್ಬರು ಸೇರಿ, ಜೋಡು ರಿಪೇರಿಯವರಿಗೆ ಅಟ್ಟೆಯ ತೊಗಲು ಮುಂತಾದ ಸಾಮಾನು ಮಾರುವ ವ್ಯಾಪಾರ ತೊಡಗಿದರು. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಡಿಯವರ ಮಗ ಚಾರ್ಲ್ಸ್ ನೌಕಾಪಡೆ ಸೇರಿ ಹವಾಯಿ ದ್ವೀಪದಲ್ಲಿದ್ದರು. ಅಲ್ಲಿಯ ಆಸ್ಪತ್ರೆಗಳಲ್ಲಿ ಸೈನಿಕರಿಗೆ ತೊಗಲ ಕೆಲಸ ಕಲಿಸುತ್ತಿದ್ದುದನ್ನು ಅವರು ಕಂಡರು. ಕೈಗೆ ಕೆಲಸ, ಮನಸ್ಸಿಗೆ ವಿಶ್ರಾಂತಿ. ಈ ಕೆಲಸದ ಸಾಮಗ್ರಿಯನ್ನೇ ಮಾರಬಾರದೇಕೆ ಎಂದು ಅವರು ತಂದೆಗೆ ಕಾಗದ ಬರೆದರು. 1950ರಲ್ಲಿ ಚರ್ಮಕುಶಲದ ಹವ್ಯಾಸಕ್ಕೆಂದೇ ಎರಡು ಮಳಿಗೆಗಳು ತೆರೆದುವು. ಆಮೇಲೆ ದೇಶದ ತುಂಬ ಹಬ್ಬಿದುವು. ಇದೇ ಚಾರ್ಲ್ಸ್ ಟ್ಯಾಂಡಿ 1963ರಲ್ಲಿ ಬೋಸ್ಟನ್ನಿನ ರೇಡಿಯೋ ಷ್ಯಾಕ್ ಎಂಬ ರೇಡಿಯೋ ಸಾಮಾನಿನ ಸಂಸ್ಥೆಯನ್ನು ಕೊಂಡರು. ತೊಗಲ ಅಂಗಡಿಯವರು ರೇಡಿಯೋ ಅಂಗಡಿಯವರಾದರು! ಯಾವ ಕುಲದ ಕಟ್ಟಳೆಯೂ ಅವರನ್ನು ತಡೆಯಲಿಲ್ಲ.

ಅಲ್ಲಿಯ ಸಂಘಗಳಲ್ಲಿ ನಡೆಯುವುದು ಸರಳವಾದ ವ್ಯವಹಾರ. ಸದಸ್ಯರು ತಿಂಗಳಿಗೊಮ್ಮೆ ಕೂಡುತ್ತಾರೆ. ಒಬ್ಬರು ತಮಗೆ ಗೊತ್ತಿರುವ ಒಂದು ಕ್ರಮವನ್ನು ಮಾಡಿ ತೋರಿಸುತ್ತಾರೆ; ಉಳಿದವರು ನೋಡಿ ಮಾಡುತ್ತಾರೆ. ತೊಗಲನ್ನು ಬಟ್ಟೆಯಂತೆ ಬೇಕಾದಷ್ಟೇ ಕತ್ತರಿಸಿ ಕೊಡುವ ರೂಢಿ ಕಡಿಮೆ. ಇಡಿಯ ಹಾಳೆಯನ್ನೇ ಚದರ ಅಡಿಯ ಲೆಕ್ಕದಲ್ಲಿ ಕೊಳ್ಳಬೇಕು. ಒಬ್ಬರಿಗೆ ಹೊರೆಯಾಗುವುದು ಹತ್ತು ಮಂದಿಗೆ ಹಗುರ. ದುಬಾರಿ ಹತಾರಗಳನ್ನೂ ಹಂಚಿಕೊಳ್ಳುತ್ತಾರೆ. ಆಲ್ ಸ್ಟೋಲ್‌ಮನ್ ಎಂಬವರು (1919–1998) ಬರೆದ ಪಾಠದ ಪುಸ್ತಕಗಳು ಇಂಥ ಹವ್ಯಾಸಿಗಳಿಗೆ ಕೈಪಿಡಿಗಳಾದುವು. ಅಲ್ಲಿಯ ಸ್ಕೌಟ್ ಬಾಲಕರಿಗೆ ತೊಗಲ ಕೆಲಸಕ್ಕೆಂದೇ ಒಂದು ಪದಕವುಂಟು.

ನಮ್ಮ ದೇಶದಲ್ಲಿ ಈ ಪ್ರಯತ್ನವೇ ನಡೆಯಲಿಲ್ಲವೆಂದು ತಿಳಿಯಬೇಡಿ. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮ್ 1910ರಲ್ಲಿ ಪ್ರಾರಂಭವಾದಾಗ, ಗಾಂಧೀಜಿಯವರ ಸ್ನೇಹಿತ ಕಾಲೆನ್‌ಬಾಕ್ ಒಂದು ಕ್ರೈಸ್ತ ಮಠದಲ್ಲಿ ಚಪ್ಪಲಿ ಮಾಡುವುದನ್ನು ಕಲಿತುಬಂದರು. ವಕೀಲರಾದ ಗಾಂಧೀಜಿ ಅವರಿಂದ ಕಲಿತರು. ತಮ್ಮನ್ನು ಸೆರೆಮನೆಗೆ ಕಳುಹಿಸಿದ ಜನರಲ್ ಸ್ಮಟ್ಸ್‌ಗೆ ತಾವು ಮಾಡಿದ ಒಂದು ಜೊತೆ ಚಪ್ಪಲಿಯನ್ನು ಕಾಣಿಕೆಯಾಗಿ ಕೊಟ್ಟರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಗೆಗಳಲ್ಲಿ ಮೆಟ್ಟಿ, 1939ರಲ್ಲಿ ಗಾಂಧೀಜಿಯವರ ಎಪ್ಪತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ ಹಿಂದಿರುಗಿಸುತ್ತ, ಅಂಥವರ ಪಾದರಕ್ಷೆಯಲ್ಲಿ ನಿಲ್ಲಲು ತಾನು ತಕ್ಕವನಲ್ಲವೆಂಬ ಅರ್ಥದ ಮಾತನ್ನು ಬರೆದರು. ಬಂಗಾಳದಲ್ಲಿ ರವೀಂದ್ರನಾಥ ಠಾಕೂರರ ಮಗ ರಥೀಂದ್ರನಾಥರೂ ಸೊಸೆ ಪ್ರತಿಮಾದೇವಿಯವರೂ ಶ್ರೀನಿಕೇತನದ ಶಿಲ್ಪಭವನದಲ್ಲಿ ತೊಗಲಿನ ಮೇಲೆ ಚಿತ್ತಾರ ಒತ್ತಿ ಬಣ್ಣ ಕಟ್ಟುವ ಕಲೆಗೆ ನೆಲೆಕೊಟ್ಟರು. ಶಾಂತಿನಿಕೇತನದ ಕೈಚೀಲವೆಂದು ಇಂದಿಗೂ ಅದಕ್ಕೆ ಹೆಸರು.

ಹೀಗಿದ್ದೂ ಇದು ನಮ್ಮ ಮನೆಗಳೊಳಗೆ ಏಕೆ ಬರಲಿಲ್ಲ? ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಲಂಡನ್ನಿನ ಸಂಘಕ್ಕೆ ಕಲಿತವನು ಸೇರುತ್ತಿದ್ದ. ನಮ್ಮಲ್ಲಿ ಹುಟ್ಟಿದವನು ಮಾತ್ರ ಸೇರುತ್ತಿದ್ದ, ಸೇರಿದವನು ಹೊರಗೆ ಬರುವಂತಿರಲಿಲ್ಲ. ನಾವು ಪೂಜಿಸುವ ಶಿವನಿಗೆ ಕೃತ್ತಿವಾಸನೆಂದು ಹೆಸರು, ಕೃತ್ತಿಯೆಂದರೆ ತೊಗಲು. ಕೃಷ್ಣಾಜಿನದ ಮೇಲೆ ಕುಳಿತು ಜಪ ಮಾಡಿದೆವು. ದೇವರ ಮುಂದೆ ಮೃದಂಗ ನುಡಿಸಿದೆವು, ಅದರ ಎರಡು ಮುಖವೂ ತೊಗಲು. ತೊಗಲು ಗುಡಿಯೊಳಗೆ ಹೋಯಿತು, ಅದನ್ನು ಹದಮಾಡಿದ ಕೈ ಹೊರಗೆ ನಿಂತಿತು. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ತೊಗಲಿನಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ನಾವೆಲ್ಲ ಕಣ್ಣೀರು ತುಂಬಿ ಕೇಳುತ್ತೇವೆ. ಅದೇ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಕಲ್ಯಾಣ ಪಟ್ಟಣ ತೆತ್ತ ಬೆಲೆಯನ್ನು ಮಾತ್ರ ಬೇಗ ಮರೆಯುತ್ತೇವೆ.

ಕಸುಬಿನವರ ಹೆಸರು ಮರೆಯುವ ಈ ಚಾಳಿ ಇನ್ನೂ ಹೋಗಿಲ್ಲ. ಕೊಲ್ಹಾಪುರಿ ಚಪ್ಪಲಿಯನ್ನು ನೋಡಿ. ಅದು ತೊಗಟೆ ಹದದ ತೊಗಲಿನದು. ಅಟ್ಟೆಯಿಂದ ಬಾರಿನವರೆಗೆ ಕೈಹೊಲಿಗೆ. ಹೆಸರು ಕೊಲ್ಹಾಪುರದ್ದಾದರೂ, ನಮ್ಮ ಅಥಣಿ, ನಿಪ್ಪಾಣಿಯ ಕಡೆಯ ಮನೆಮನೆಗಳಲ್ಲಿ ಗಂಡಸರೂ ಹೆಂಗಸರೂ ಕೂಡಿ ಅದನ್ನು ಮಾಡುತ್ತ ಬಂದಿದ್ದಾರೆ. ಅದಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಾಗ, ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ 4 ಜಿಲ್ಲೆಗಳೂ ಸೇರಿದುವು. 2025ರಲ್ಲಿ ಇಟಲಿಯ ಮಿಲಾನ್ ನಗರದ ಉಡುಪಿನ ಪ್ರದರ್ಶನದಲ್ಲಿ ಪ್ರಾಡಾ ಸಂಸ್ಥೆ ಇದನ್ನೇ ಹೋಲುವ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿತು. ನಮ್ಮವರು ಗಟ್ಟಿಯಾಗಿ ಆಕ್ಷೇಪಿಸಿದ ಮೇಲೆ ಅದು ಭಾರತದ ಕುಶಲಕರ್ಮಿಗಳಿಂದ ಪಡೆದ ಪ್ರೇರಣೆಯೆಂದು ಒಪ್ಪಿಕೊಂಡಿತು. ಮಿಲಾನಿನವರ ಮೇಲೆ ನಾವು ಸಿಟ್ಟಾದದ್ದು ನ್ಯಾಯವೇ. ಆದರೆ ನಮ್ಮ ಬೀದಿಯ ಮೂಲೆಯಲ್ಲಿ ಕೂತವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಇಂಥ ಆವೇಶದಲ್ಲಿಯೇ ನಾನು ನಮ್ಮ ಶಾಲೆಯಲ್ಲಿ ಒಂದು ಸಣ್ಣ ಚರ್ಮಕುಶಲ ಸಂಘವನ್ನು ಪ್ರಾರಂಭಿಸಿದೆ. ಶನಿವಾರ ಮಧ್ಯಾಹ್ನ, ಹತ್ತು ಹನ್ನೆರಡು ಹುಡುಗರು ಮತ್ತು ಹುಡುಗಿಯರು. ಒಬ್ಬಿಬ್ಬರು ತಂದೆತಾಯಿಗಳು ಬಂದು, "ಮಕ್ಕಳ ಕೈಗೆ ತೊಗಲು ಕೊಡ್ತೀರಾ ಮೇಷ್ಟ್ರೇ?" ಎಂದರು. ಅವರ ಮಕ್ಕಳ ಸೊಂಟದ ಪಟ್ಟಿ, ಕಾಲಿನ ಬೂಟು, ಕಿಸೆಯ ಹಣದ ಚೀಲಗಳನ್ನು ನಾನು ಎಣಿಸಿ ತೋರಿಸಿದೆ. ಅವರು ನಕ್ಕು ಸುಮ್ಮನಾದರು. ಆ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿತ್ತು. ಮುಂದೆ ಬಂದದ್ದಕ್ಕೆ ಇರಲಿಲ್ಲ.

ಹೊಂಗೆಯ ಮರದ ಹಿರಿಯರ ಮೊಮ್ಮಗ ನಮ್ಮ ಶಾಲೆಯಲ್ಲಿಯೇ ಒಂಬತ್ತನೆಯ ತರಗತಿಯಲ್ಲಿದ್ದ; ಚುರುಕಾದ ಹುಡುಗ. ಮೊದಲ ಶನಿವಾರ ನಾನು ಉತ್ಸಾಹದಿಂದ ಅವನನ್ನು ಎಲ್ಲರೆದುರಿಗೆ ಕರೆದು, "ಇವನಿಗೆ ಇದು ಮನೆಯ ವಿದ್ಯೆ, ಇವನು ನಿಮಗೆ ತೋರಿಸುತ್ತಾನೆ" ಎಂದೆ. ಹೊಗಳುತ್ತಿದ್ದೇನೆಂದು ನನ್ನ ಎಣಿಕೆ. ಹುಡುಗ ತಲೆತಗ್ಗಿಸಿದ. ಉಳಿಯನ್ನು ಮುಟ್ಟಲಿಲ್ಲ. ಸೋಮವಾರ ಶಾಲೆಗೇ ಬರಲಿಲ್ಲ, ಮಂಗಳವಾರವೂ ಇಲ್ಲ.

ಸಂಜೆ ಮರದಡಿಗೆ ಹೋದೆ. ಹಿರಿಯರು ಕೆಲಸ ನಿಲ್ಲಿಸಲಿಲ್ಲ. "ಮೇಷ್ಟ್ರೇ, ನಿಮಗೆ ಇದು ಹೊತ್ತು ಹೋಗೋ ಕೆಲಸ. ಬೇಕು ಅಂದಾಗ ಹಿಡೀತೀರಿ, ಬೇಡ ಅಂದಾಗ ಇಡ್ತೀರಿ. ನಮಗೆ ಹಾಗಲ್ಲ. ಅವನ ಕೈಗೆ ಇದು ಬರಬಾರದು ಅಂತ ನಾನು ಇಷ್ಟು ವರ್ಷ ಇಲ್ಲಿ ಕೂತೆ. ನೀವು ಹೋಗಿ ಹೋಗಿ ಅದನ್ನೇ ಅವನ ಕೈಗೆ ಇಟ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

ಹವ್ಯಾಸವೆಂಬ ಮಾತಿಗೆ ಮರಾಠಿಯಲ್ಲಿ ತೀವ್ರವಾದ ಆಸೆಯೆಂದು ಅರ್ಥ. ಆಸೆ ತಾನಾಗಿ ಹುಟ್ಟಬೇಕು. ನಾನು ಆರಿಸಿಕೊಂಡದ್ದು ನನಗೆ ಹವ್ಯಾಸ. ಅವನ ತಲೆಗೆ ಹುಟ್ಟಿನಿಂದಲೇ ಕಟ್ಟಿದ್ದು ಅವನಿಗೆ ಹೊರೆ. ಹೊರೆಯನ್ನು ಇಳಿಸಲು ನೋಡುತ್ತಿರುವವನಿಗೆ ಅದರ ಸೊಗಸನ್ನು ವರ್ಣಿಸುವುದು ಮರ್ಯಾದೆಯಲ್ಲ. ಮರುದಿನ ನಾನು ಆ ಹುಡುಗನ ಮನೆಗೆ ಹೋಗಿ, "ತಪ್ಪಾಯಿತಪ್ಪಾ, ನಿನ್ನನ್ನು ಕೇಳದೆ ಹಾಗೆ ಹೇಳಬಾರದಾಗಿತ್ತು" ಎಂದೆ. ನಿನಗೆ ಯಾವುದರಲ್ಲಿ ಆಸೆಯೆಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಸಾರ್, ನಿಮ್ಮ ರೇಡಿಯೋ ಕರಕರ ಅನ್ನುತ್ತಂತೆ, ತಾತ ಹೇಳ್ತಿದ್ರು. ಬಿಚ್ಚಿ ನೋಡ್ಲಾ?" ಎಂದ. ಬುಧವಾರ ಶಾಲೆಗೆ ಬಂದ. ಈಗ ಅವನು ಇರುವುದು ವಿಜ್ಞಾನದ ಮೇಷ್ಟ್ರ ಸಂಘದಲ್ಲಿ.

ನಿಮ್ಮ ಊರಿನಲ್ಲಿಯೂ ಇಂಥ ಸಂಘ ಕಟ್ಟಬೇಕೆಂದು ನಿಮಗೆ ಮನಸ್ಸಾದರೆ, ನಮ್ಮ ಅನುಭವದಿಂದ ಬಂದ ನಾಲ್ಕು ನಿಯಮಗಳನ್ನು ಹೇಳುತ್ತೇನೆ. ಕಲಿಸಲು ಊರಿನ ಕಸುಬುದಾರರನ್ನೇ ಕರೆಯಿರಿ. ಸಂಗೀತದ ವಿದ್ವಾಂಸರಿಗೆ ಕೊಡುವಂತೆ ಸಂಭಾವನೆ ಕೊಡಿ, ಕುರ್ಚಿ ಕೊಡಿ. ಸಂಘದಲ್ಲಿ ಯಾರ ಮನೆತನವನ್ನೂ ಯಾರೂ ಕೇಳಕೂಡದು. ಊರಿನ ಕಸುಬುದಾರರು ಮಾರುವ ಪದಾರ್ಥವನ್ನು ಹವ್ಯಾಸಿಗಳು ಮಾಡಿ ಮಾರಕೂಡದು. ನಮ್ಮ ಬಿಡುವು ಅವರ ಅನ್ನಕ್ಕೆ ಅಡ್ಡಬರಬಾರದು. ಕೊನೆಯದಾಗಿ, ನಮ್ಮ ಮಕ್ಕಳು ಮರದಡಿಗೆ ಹೋದಂತೆಯೇ ಮರದಡಿಯ ಮಕ್ಕಳು ಪ್ರಯೋಗಶಾಲೆಗೂ ಗ್ರಂಥಭಂಡಾರಕ್ಕೂ ಬರುವಂತಾಗಬೇಕು.

ಇನ್ನು ಕೆಲಸದ ಮಾತು. ಮೊದಲಿಗೆ ಕನ್ನಡಕದ ಚೀಲವೊಂದನ್ನು ಮಾಡಿ ನೋಡಿ. ತೊಗಟೆ ಹದದ, ಒಂದೂವರೆ ಮಿಲಿಮೀಟರ್ ದಪ್ಪದ ತೊಗಲು ಸಾಕು. ಅಂಗಡಿಯಲ್ಲಿ ಔನ್ಸ್ ಎಂದರೆ ಗಾಬರಿಯಾಗಬೇಡಿ; ಒಂದು ಚದರ ಅಡಿಯ ತೂಕದಿಂದ ಬಂದ ದಪ್ಪದ ಲೆಕ್ಕವದು, ಒಂದು ಔನ್ಸ್ ಎಂದರೆ ಸುಮಾರು 0.4 ಮಿಲಿಮೀಟರ್. 18 ಸೆಂಟಿಮೀಟರಿನ ಒಂದು ಚೌಕದ ತುಂಡನ್ನು ಹರಿತವಾದ ಕತ್ತಿಯಿಂದ ಕತ್ತರಿಸಿ. ಮೊಂಡು ಕತ್ತಿಯೇ ಹೆಚ್ಚು ಅಪಾಯ, ಅದು ಜಾರುತ್ತದೆ. ಚಿತ್ತಾರ ಬೇಕಾದರೆ ಈಗಲೇ ಒತ್ತಬೇಕು. ಒದ್ದೆಯ ಸ್ಪಂಜಿನಿಂದ ಸವರಿ, ತೊಗಲಿನ ಮೊದಲ ಬಣ್ಣ ಮರಳಿ ಬರತೊಡಗಿದಾಗ ಅಚ್ಚಿಟ್ಟು ಮರದ ಕೊಡತಿಯಿಂದ ಬಡಿಯಿರಿ. ಒಣಗಿದ ಮೇಲೆ ನಡುವೆ ಮಡಿಸಿ. ಅಂಚಿನಿಂದ 4 ಮಿಲಿಮೀಟರ್ ಒಳಗೆ ಗೆರೆಯೆಳೆದು, 4 ಮಿಲಿಮೀಟರಿಗೊಂದರಂತೆ, ಕೆಳಗೆ ಹಲಗೆಯಿಟ್ಟು ತೂತು ಚುಚ್ಚಿ. ತಳ ಮತ್ತು ಒಂದು ಪಕ್ಕ ಸೇರಿ ಹೊಲಿಗೆಯ ಉದ್ದ 27 ಸೆಂಟಿಮೀಟರ್. ಅದರ ನಾಲ್ಕರಷ್ಟು, ಎಂದರೆ ಒಂದು ಮೀಟರಿಗಿಂತ ತುಸು ಹೆಚ್ಚು ದಾರ ಬೇಕು. ದಾರಕ್ಕೆ ಜೇನುಮೇಣ ಉಜ್ಜಿ, ಎರಡು ಸೂಜಿಯ ಹೊಲಿಗೆ ಹಾಕಿ, ಕೊನೆಯಲ್ಲಿ ಎರಡು ತೂತು ಹಿಂದಕ್ಕೆ ಹೊಲಿದು ಕತ್ತರಿಸಿ. ಅಂಚನ್ನು ತೇವಮಾಡಿ ನುಣುಪಾದ ಮರದ ತುಂಡಿನಿಂದ ತಿಕ್ಕಿದರೆ ಗಾಜಿನಂತೆ ಹೊಳಪು ಬರುತ್ತದೆ. ಮಳೆಗಾಲದಲ್ಲಿ ನೆನೆದ ತೊಗಲನ್ನು ಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಇಡಬೇಡಿ, ನೆರಳಿನಲ್ಲಿ ಒಣಗಲಿ.

ತೊಗಲೆಂದರೆ ಹಿಂಸೆಯೆಂದು ಅದನ್ನು ಬಿಟ್ಟವರೂ ನಿಮ್ಮಲ್ಲಿರಬಹುದು. ಆ ನಿಷ್ಠೆಗೆ ನನ್ನ ನಮಸ್ಕಾರ. ಗಾಂಧೀಜಿ ತಾನಾಗಿ ಸತ್ತ ದನದ ತೊಗಲನ್ನೇ ಬಳಸಬೇಕೆಂದರು. ಅದೂ ಬೇಡವೆನ್ನುವವರು ಇದೇ ಹೊಲಿಗೆಯನ್ನು ದಪ್ಪ ಕ್ಯಾನ್ವಾಸಿನ ಮೇಲೆ ಕಲಿಯಬಹುದು. ಆದರೆ ತೊಗಲನ್ನು ಬಿಟ್ಟವರು ತೊಗಲ ಕೆಲಸದವರನ್ನೂ ದೂರವಿಡಬೇಕೆಂದು ಯಾವ ಅಹಿಂಸೆಯೂ ಹೇಳುವುದಿಲ್ಲ.

ಟ್ರಾನ್ಸಿಸ್ಟರಿನ ಬಾರಿಗೆ ನಾನೇ ಹೊಲಿಗೆ ಹಾಕಿದೆ. ನಡುವೆ ಒಂದೆಡೆ ಸ್ವಲ್ಪ ಸೊಟ್ಟ. ಹಿರಿಯರು ನೋಡಿ, "ಇರಲಿ ಬಿಡಿ, ಹಿಡಿಯುತ್ತೆ" ಎಂದರು. ಕರಕರ ಸದ್ದೂ ನಿಂತಿದೆ. ಬ್ಯಾಟರಿಯ ಸ್ಪ್ರಿಂಗು ತುಕ್ಕು ಹಿಡಿದಿತ್ತಂತೆ. ಹುಡುಗ ಅದನ್ನು ಉಜ್ಜಿ ಸರಿಮಾಡಿದ.

ನಾಳೆ ನಿಮ್ಮ ಚಪ್ಪಲಿಯ ಬಾರು ಕಿತ್ತುಬಂದರೆ, ರಿಪೇರಿ ಮಾಡುವವರ ಎದುರಿಗೆ ಎರಡು ನಿಮಿಷ ಹೆಚ್ಚು ನಿಲ್ಲಿ. ಆ ಕೈಯ ಕೆಲಸವನ್ನು ನೋಡಿ. ಹೆಸರು ಕೇಳಿ. ಕೇಳುವಾಗ, ದಯವಿಟ್ಟು, ಬಹುವಚನದಲ್ಲಿ ಕೇಳಿ.